ಬೈಪಾಸ್ ಆದ ಮೇಲೆ ಅದೇ ಮಾತ್ರೆ ಯಾಕೆ ಸಾಲುತ್ತಿಲ್ಲ?

ಗ್ಯಾಸ್ಟ್ರಿಕ್ ಬೈಪಾಸ್ (ತೂಕ ಇಳಿಸಲು ಹೊಟ್ಟೆಗೆ ಮಾಡುವ ಆಪರೇಷನ್) ಆಗಿ 2 ತಿಂಗಳು, ಖಿನ್ನತೆಯ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ಆದರೂ ಮನಸ್ಸು ಕುಸಿಯುತ್ತಿದೆ, ಡೋಸ್ ನಾನೇ ಜಾಸ್ತಿ ಮಾಡಲಾ ಎಂದು ಕೇಳಿದ್ದೀರಿ. ಬೇಡ. ಸುಮ್ನೆ ನಿಮ್ಮನ್ನೇ ಬೈದುಕೊಳ್ಳುವುದೂ ಬೇಡ.

ಬೈಪಾಸ್ ಆದಮೇಲೆ ಆಹಾರ ಸಣ್ಣ ಕರುಳಿನ ಮೊದಲ ಭಾಗವನ್ನು ಮುಟ್ಟದೆ ಮುಂದೆ ಹೋಗುತ್ತದೆ. ಮಾತ್ರೆಯದೂ ಅದೇ ದಾರಿ ಅಲ್ವಾ? ಮಾತ್ರೆಯ ಸ್ಟ್ರಿಪ್ ಮೇಲೆ ಎಕ್ಸ್‌ಆರ್ (XR), ಎಸ್‌ಆರ್ (SR) ಅಂತ ಇದೆಯಾ ನೋಡಿ. ಇದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ, ಪೂರ್ತಿ ಮೈಗೆ ಹತ್ತದೆ ಜಾರಿಹೋಗಬಹುದು. ಹಾಗಂತ ಪುಡಿ ಮಾಡಿ ನುಂಗಬೇಡಿ, ಇಡೀ ದಿನದ ಡೋಸ್ ಒಮ್ಮೆಲೇ ಸೇರಿಬಿಡುತ್ತದೆ. ಬೇಗ ಕರಗುವ ಮಾತ್ರೆ ಅಥವಾ ಸಿರಪ್ ಆಗುತ್ತದಾ ಎಂದು ಮನೋವೈದ್ಯರನ್ನು ಕೇಳಿ.

ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ಕೂಡ ತಗೊಳ್ತಿದ್ದರೆ ಕಥೆಯೇ ಉಲ್ಟಾ. ಮೈಯಲ್ಲಿ ನೀರು ಕಡಿಮೆಯಾದರೆ, ವಾಂತಿಯಾದರೆ ರಕ್ತದಲ್ಲಿ ಅದರ ಮಟ್ಟ ಅಪಾಯಕ್ಕೇರಬಹುದು. ಪದೇ ಪದೇ ರಕ್ತ ಪರೀಕ್ಷೆ ಬೇಕೇ ಬೇಕು.

ರಕ್ತದಲ್ಲಿ ವಿಟಮಿನ್ ಬಿ12, ಥಯಾಮಿನ್ (ವಿಟಮಿನ್ ಬಿ1), ಕಬ್ಬಿಣವನ್ನೂ ನೋಡಿಸಿ. ಇವು ಇಳಿದರೂ ಮನಸ್ಸು ಮಂಕಾಗುತ್ತದೆ. ಮದ್ಯ ಈಗ ಮೊದಲಿಗಿಂತ ಬೇಗ ಏರುತ್ತದೆ, ದೂರವಿಡಿ.

ಬದುಕೇ ಬೇಡ ಅನ್ನಿಸಿದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು.