ಮಗಳ ಪಿಂಕ್ ಹುಚ್ಚು ಬಿಡಿಸೋದು ಹೇಗೆ?

ಬಿಡಿಸಬೇಡಿ.

5 ವರ್ಷದ ಮಗಳು ಪಿಂಕ್ ಬಿಟ್ಟು ಬೇರೆ ಬಟ್ಟೆ ಹಾಕಲ್ಲ, ದಿನವಿಡೀ ಗೊಂಬೆ, ಅಡುಗೆ ಸೆಟ್ಟು. ಎಲ್ಲ ಎತ್ತಿಟ್ಟು ಕಾರು, ಬ್ಲಾಕ್ಸ್ ಕೊಡಿಸಲಾ ಅಂತ ಕೇಳಿದ್ದೀರಿ. ನಾನು ಅದನ್ನೇ ಮಾಡಿದವಳು.

ನಾನು ಬೆಳೆದದ್ದು ದಾವಣಗೆರೆಯಲ್ಲಿ. ಜಾತ್ರೆಗೆ ಹೋದರೆ ಅಣ್ಣನಿಗೆ ಕೀ ಕೊಡುವ ಬಸ್ಸು, ನನಗೆ ಪ್ಲಾಸ್ಟಿಕ್ ಒಲೆ, ಸೌಟು, ತಟ್ಟೆ. ಬಸ್ಸು ಬಿಚ್ಚಿ ಒಳಗೇನಿದೆ ನೋಡಬೇಕು ಅನ್ನೋ ಆಸೆ ನನಗೆ. ಬಿಚ್ಚಿ ಬೈಸಿಕೊಳ್ಳುವ ಭಾಗ್ಯ ಅವನಿಗೆ. ಮುಂದೆ ಹಠ ಹಿಡಿದು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದೆ. ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲೇ ತೀರ್ಮಾನ ಆಗಿಹೋಗಿತ್ತು: ನಮ್ಮನೆಗೆ ಪಿಂಕ್ ಬರಕೂಡದು.

ಬರಲು ಬಿಡಲೂ ಇಲ್ಲ. ನಾಮಕರಣಕ್ಕೆ ಬಂದ ಪಿಂಕ್ ಫ್ರಾಕುಗಳನ್ನೆಲ್ಲ ಅವರಿಗಿವರಿಗೆ ಕೊಟ್ಟೆ. ನಾದಿನಿ ತಂದ ಅಡುಗೆ ಸೆಟ್ಟು ಬಾಕ್ಸ್ ಸಮೇತ ಅಟ್ಟ ಸೇರಿತು. ಬ್ಲಾಕ್ಸ್ ಮಾಡುವ ಲೆಗೋ ಕಂಪನಿ 2012ರಲ್ಲಿ ಹುಡುಗಿಯರಿಗೆಂದೇ ‘ಫ್ರೆಂಡ್ಸ್’ ಅನ್ನೋ ಸೆಟ್ಟುಗಳನ್ನು ಶುರು ಮಾಡಿತಲ್ಲ, ಮಗಳು ಅದನ್ನು ಕೇಳಿದಳು. ಅದು ಬೇಡ, ಕ್ರೇನ್ ತಗೋ ಅಂದೆ.

ಒಮ್ಮೆ ಮೈಸೂರಿಗೆ ಹೋಗುವಾಗ ಚನ್ನಪಟ್ಟಣದಲ್ಲಿ ಇಳಿದೆವು. ಆಲೆ ಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತಿತ್ತು. ಕೆಲಸದವರು ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು. ಅದೇ ಲೇತಿನಿಂದ ಬುಗುರಿಯೂ ಬರುತ್ತದೆ, ಪುಟ್ಟ ಕುಡಿಕೆ, ಬಟ್ಟಲುಗಳೂ ಬರುತ್ತವೆ. ಅವಳು ಕುಡಿಕೆ ಸೆಟ್ಟಿಗೆ ಕೈ ಹಾಕಿದಳು. ನಾನು ರೈಲು ಕೊಡಿಸಿದೆ. ಹಳದಿ ಅರಿಶಿನದಿಂದ ಬರುತ್ತೆ, ಇಲ್ಲಿ ಗಂಡು ಬಣ್ಣ ಹೆಣ್ಣು ಬಣ್ಣ ಅಂತೆಲ್ಲ ಇಲ್ಲ ಪುಟ್ಟಾ ಅಂತ ಭಾಷಣ ಬೇರೆ!

ಇನ್ನೊಂದು ಭಾಷಣವೂ ಇತ್ತು. 1918ರಲ್ಲಿ ಅಮೆರಿಕದ ಮಕ್ಕಳ ಬಟ್ಟೆ ವ್ಯಾಪಾರಿಗಳ ಪತ್ರಿಕೆಯೊಂದು, ಪಿಂಕ್ ಗಟ್ಟಿ ಬಣ್ಣ, ಅದು ಗಂಡುಮಕ್ಕಳಿಗೆ. ನೀಲಿ ನಾಜೂಕು, ಅದು ಹೆಣ್ಣುಮಕ್ಕಳಿಗೆ ಅಂತ ಬರೆದಿತ್ತು. ಉಲ್ಟಾ ಆಗಿದ್ದು ಆಮೇಲೆ. ಮಾತು ನಿಜವೇ. ಆದರೆ ಯುಕೆಜಿ ಮಗುವಿಗೆ ಹೇಳುವಂಥದ್ದಾ? ಅವಳ ಕಿವಿಗೆ ಬಿದ್ದದ್ದು ಇಷ್ಟೇ: ನನಗಿಷ್ಟದ ಬಣ್ಣ ಕಂಡರೆ ಅಮ್ಮನಿಗೆ ಆಗಲ್ಲ.

ನಾನೆಲ್ಲಿ ಎಡವಿದೆ ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಯಾಕಂದ್ರೆ ಇದು ತಪ್ಪು ಅಂತ ಜಾಸ್ತಿ ಜನಕ್ಕೆ ಅನಿಸುವುದೇ ಇಲ್ಲ. ಕ್ರೇನ್ ಕೊಡಿಸಿದ್ದು ತಪ್ಪಲ್ಲ. ಅವಳಿಗೆ ಅದು ಇಷ್ಟವೂ ಆಯಿತು. ಕ್ರೇನ್ ಕೊಟ್ಟ ಕೈಯಲ್ಲೇ ಗೊಂಬೆ ಕಿತ್ತುಕೊಂಡದ್ದು ತಪ್ಪು. ಅದಕ್ಕಿಂತ ದೊಡ್ಡದು, ಕಿತ್ತುಕೊಳ್ಳುವಾಗ ಮುಖ ಸಿಂಡರಿಸಿದ್ದು. ‘ಈ ಪಿಂಕು ಗಿಂಕು ಎಲ್ಲ ನಮಗ್ಯಾಕೆ’ ಅನ್ನೋದು ದಿನಾ ನನ್ನ ಬಾಯಲ್ಲಿತ್ತು. ಹುಡುಗರ ಆಟದ ಸಾಮಾನು ಅಂದರೆ ಬುದ್ಧಿವಂತಿಕೆ, ಹುಡುಗಿಯರದು ಅಂದರೆ ಪೆದ್ದುತನ. ಹೀಗಂತ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಜಾತ್ರೆಯಲ್ಲಿ ಅಣ್ಣನಿಗೆ ಬಸ್ಸು ಕೊಡಿಸುವಾಗ ನಮ್ಮಪ್ಪನ ತಲೆಯಲ್ಲಿ ಇದ್ದದ್ದೂ ಇದೇ ತಾನೇ? ಅಪ್ಪನ ಜೊತೆ ಜಗಳ ಆಡುತ್ತಿದ್ದೇನೆ ಅಂದುಕೊಂಡು, ಅಪ್ಪನ ಮಾತನ್ನೇ ಮಗಳಿಗೆ ಕಲಿಸಿದೆ.

ಒಂದನೇ ಕ್ಲಾಸಿನಲ್ಲಿ ಅದು ಬಾಯಿಗೂ ಬಂತು. ಮೇಲಿನ ಮನೆ ಹುಡುಗಿಯ ಬರ್ತ್‌ಡೇ. ಆ ಮಗು ಖುಷಿಯಿಂದ ಹೊಸ ಗೊಂಬೆ ಮನೆಯನ್ನು ಎತ್ತಿಕೊಂಡು ಬಂದು ಇವಳ ಮುಂದಿಟ್ಟಿತು. ನನ್ನ ಮಗಳು ಮೂಗು ಮುರಿದು, ‘ಛೀ, ಹುಡುಗೀರ ಆಟ’ ಅಂದಳು. ಧಾಟಿ ಪೂರ್ತಿ ನನ್ನದೇ. ಆ ಮಗು ಅತ್ತಿತು. ಅವರಮ್ಮ ನನ್ನ ಮುಖ ನೋಡಿದರು. ಆಮೇಲೆ ಆ ಮನೆಯಿಂದ ಕರೆ ಬರಲಿಲ್ಲ. ಶಾಲೆಯಲ್ಲೂ ಇದೇ ಕಥೆ. ಹುಡುಗಿಯರು ಇವಳನ್ನು ಸೇರಿಸಿಕೊಳ್ಳಲ್ಲ, ಹುಡುಗರು ‘ನೀನು ಹುಡುಗಿ, ಹೋಗು’ ಅಂತಾರೆ. ಊಟದ ಹೊತ್ತಿಗೆ ಒಬ್ಬಳೇ ಕೂರುತ್ತಾಳೆ ಅಂತ ಟೀಚರ್ ಹೇಳಿದಾಗ ಗಂಟಲು ಕಟ್ಟಿತು. ಇದು ಸರಿಹೋಗಲು ವರ್ಷಗಳೇ ಹಿಡಿದವು.

ಅದೇ ಬೇಸಿಗೆಯಲ್ಲಿ ಅಮ್ಮನ ಮನೆಯಲ್ಲಿ ಬೀರು ತೆಗೆದೆ. ಸೀರೆಗಳ ಮಡಿಕೆ ನಡುವೆ ಒಂದು ಗೊಂಬೆ. ಒಂದು ಕೈ ಇಲ್ಲ. ಬ್ಲೌಸ್ ಪೀಸಿನ ಚೂರನ್ನು ಸೀರೆ ಥರ ನೆರಿಗೆ ಹಿಡಿದು, ಪಿನ್ನು ಹಾಕಿ ಉಡಿಸಿದ್ದರು. ನೆರಿಗೆ ಅಷ್ಟು ನೀಟಾಗಿ ನನಗೇ ಬರಲ್ಲ. ‘ಇದ್ಯಾವುದಮ್ಮಾ’ ಅಂದರೆ, ‘ನಿನ್ನ ಮಗಳದೇ ಕಣೇ. ನಿನ್ನ ಭಯಕ್ಕೆ ಇಲ್ಲಿ ಬಚ್ಚಿಟ್ಟಿದಾಳೆ’ ಅಂದರು ಅಮ್ಮ. ಹುಡುಗಿಯರ ಆಟ ಅಂತ ಛೀ ಅಂದವಳು, ಅಜ್ಜಿ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅದನ್ನೇ ಆಡುತ್ತಿದ್ದಳು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ನೀಲಿ ಅಂಗಿ ಬಿಟ್ಟು ಬೇರೆ ಹಾಕದ ಹುಡುಗನ ಬಗ್ಗೆ ಯಾರಾದರೂ ‘ಹುಚ್ಚು ಬಿಡಿಸೋದು ಹೇಗೆ’ ಅಂತ ಕೇಳಿದ್ದು ನೋಡಿದ್ದೀರಾ? ಮಗಳಿಗೆ ಕಾರು ಕೊಡಿಸಿದರೆ ನಾವು ಮುಂದುವರಿದವರು, ಮಗನಿಗೆ ಗೊಂಬೆ ಕೊಡಿಸಿದರೆ ಮಾತ್ರ ಮನೆಯವರಿಗೆಲ್ಲ ಗಾಬರಿ. ನನ್ನ ಕೇಳಿದರೆ ಅಡುಗೆ ಸೆಟ್ಟು ಜಾಸ್ತಿ ಬೇಕಾಗಿರುವುದು ಹುಡುಗರಿಗೇ.

ಕ್ಯಾಲಿಫೋರ್ನಿಯಾದಲ್ಲಿ 2021ರಲ್ಲಿ ಒಂದು ಕಾನೂನು ಮಾಡಿ 2024ರಿಂದ ಜಾರಿಗೆ ತಂದರು. 500 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ದೊಡ್ಡ ಅಂಗಡಿಗಳು ಮಕ್ಕಳ ಸಾಮಾನು ಮಾರುವುದಾದರೆ, ಗಂಡು ಹೆಣ್ಣು ಅನ್ನದೆ ಎಲ್ಲರಿಗೂ ಸೇರಿದ ಒಂದು ವಿಭಾಗ ಇಡಲೇಬೇಕು. ಅದರಲ್ಲಿ ನನಗೆ ಹಿಡಿಸಿದ್ದು ಏನು ಗೊತ್ತಾ? ಪಿಂಕ್ ಸಾಲನ್ನು ಕಿತ್ತುಹಾಕಿ ಅಂತ ಅದು ಹೇಳಲ್ಲ. ಎಲ್ಲರದ್ದೂ ಒಂದು ಕಡೆ ಇರಲಿ ಅನ್ನುತ್ತದೆ, ಅಷ್ಟೇ. ಮನೆಯಲ್ಲೂ ಅಷ್ಟೇ ಸಾಕು. ಕಾರು ಕೊಡಿಸಿ, ಗೊಂಬೆ ಪಕ್ಕದಲ್ಲೇ ಇಡಿ. ಬ್ಲಾಕ್ಸ್ ಆಡುವಾಗ ಪಕ್ಕ ಕೂತು ‘ವಾವ್’ ಅನ್ನುವವರು, ಗೊಂಬೆಗೆ ಸ್ನಾನ ಮಾಡಿಸುವಾಗಲೂ ಫೋನ್ ಕೆಳಗಿಟ್ಟು ಕೂರಿ.

ಇನ್ನು ನಿಜವಾಗಿ ಏನಾದರೂ ಬದಲಾಯಿಸಬೇಕು ಅಂತಿದ್ದರೆ ಯಜಮಾನರಿಂದ ಶುರು ಮಾಡಿ. ಕೇರಳದಲ್ಲಿ 2024ರಲ್ಲಿ ಬಂದ ಮೂರನೇ ಕ್ಲಾಸಿನ ಪಠ್ಯದಲ್ಲಿ ಅಪ್ಪ ತೆಂಗಿನಕಾಯಿ ತುರಿಯುವ ಚಿತ್ರ ಹಾಕಿದ್ದಾರೆ. ನಿಮ್ಮನೆಯಲ್ಲಿ ಕಾಯಿ ತುರಿಯೋದು ಯಾರು? ಮಗಳು ನೋಡುತ್ತಿರುವುದು ಅದನ್ನ. ನಮ್ಮವರು ಈಗ ತುರಿಯುತ್ತಾರೆ, ಚಿಪ್ಪಿನ ಕಪ್ಪೂ ಸೇರಿಸಿ.

ಬರ್ತ್‌ಡೇ ಮುಂದಿನ ತಿಂಗಳು ಅಂದಿದ್ದೀರಿ. ‘ಪಿಂಕ್ ತರಬೇಡಿ’ ಅಂತ ನೆಂಟರಿಗೆ ವಾಟ್ಸಾಪ್ ಮಾಡೋ ಯೋಚನೆ ಇದ್ದರೆ ಕೈಬಿಡಿ. ರಿಟರ್ನ್ ಗಿಫ್ಟಲ್ಲಿ ಮಾತ್ರ ಹುಡುಗರಿಗೊಂದು ಗುಡ್ಡೆ, ಹುಡುಗಿಯರಿಗೊಂದು ಗುಡ್ಡೆ ಮಾಡಬೇಡಿ. ಎಲ್ಲ ಒಂದೇ ಬುಟ್ಟಿಗೆ ಹಾಕಿ, ಮಕ್ಕಳೇ ಆರಿಸಿಕೊಳ್ಳಲಿ. ಹಾಗಂತ ಒಂದೇ ಒಂದು ಸೋಪಿನ ಗುಳ್ಳೆ ಬಾಟಲಿ ಇಡಬೇಡಿ, ನಮ್ಮನೆಯಲ್ಲಿ ಅದಕ್ಕೇ ಹೊಡೆದಾಟ ಆಯಿತು.