ಹೈಡ್ರೋಜನ್ ಟ್ಯೂಬ್ ಪಕ್ಕ ಆಂಟೆನಾ ಇಟ್ರೆ 1057 ಮೆಗಾಹರ್ಟ್ಜ್ ಸಿಗುತ್ತಾ?

ಸರ್, ನಿರ್ವಾತದ ಕ್ವಾಂಟಮ್ ಏರಿಳಿತದಿಂದ ಹೈಡ್ರೋಜನ್ ಎಲೆಕ್ಟ್ರಾನಿನ ಮಟ್ಟ ಸುಮಾರು 1057 ಮೆಗಾಹರ್ಟ್ಜ್ ಸರಿಯುತ್ತಂತೆ, ಅದು ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚೋ ಪುಟ್ಟ ರೇಡಿಯೋ ರಿಸೀವರ್) ರೇಂಜಲ್ಲೇ ಇದೆಯಲ್ಲ, ಟ್ಯೂಬ್ ಪಕ್ಕ ಆಂಟೆನಾ ಇಟ್ಟು ಹಿಡೀಬಹುದಾ ಅಂತ ಕೇಳಿದೀರಿ. ಆಗಲ್ಲ. ಆದ್ರೆ ಯಾಕಾಗಲ್ಲ ಅನ್ನೋದೇ ಮಜಾ.

ಭೌತವಿಜ್ಞಾನಿ ಡಿರಾಕ್ ಲೆಕ್ಕದಲ್ಲಿ 2ಎಸ್ ಮಟ್ಟಕ್ಕೂ, 2ಪಿ ಮಟ್ಟಗಳ ಜೋಡಿಲಿ ಕೆಳಗಿನದಕ್ಕೂ ಒಂದೇ ಎನರ್ಜಿ (2ಎಸ್, 2ಪಿ ಅಂದ್ರೆ ಎಲೆಕ್ಟ್ರಾನ್ ಇರಬಹುದಾದ ಮಟ್ಟಗಳ ಹೆಸರು). ಆದ್ರೆ ಕತ್ತಲಲ್ಲೂ ವಿದ್ಯುತ್ ಕ್ಷೇತ್ರ ಸರಾಸರಿ ಮಾತ್ರ ಸೊನ್ನೆ, ಏರಿಳಿತ ನಿಲ್ಲಲ್ಲ, ಅದಕ್ಕೆ ಎಲೆಕ್ಟ್ರಾನ್ ಚೂರು ನಡುಗ್ತಾ ಇರುತ್ತೆ, ನ್ಯೂಕ್ಲಿಯಸ್ಸಿನ ಎಳೆತ ಅದಕ್ಕೆ ಸ್ವಲ್ಪ ಮಸುಕಾಗುತ್ತೆ. ಎಸ್ ಎಲೆಕ್ಟ್ರಾನ್ ನ್ಯೂಕ್ಲಿಯಸ್ ಇರೋ ಜಾಗದಲ್ಲೂ ಸಿಗುತ್ತಲ್ಲ, ಹಾಗಾಗಿ ಅದರ ಹಿಡಿತ ಸಡಿಲ ಆಗಿ ಮಟ್ಟ ಮೇಲೇರುತ್ತೆ, ಪಿಗೆ ಹೆಚ್ಚೇನೂ ಆಗಲ್ಲ. ಆ ಅಂತರವೇ ನಿಮ್ 1057 ಮೆಗಾಹರ್ಟ್ಜ್. 

ಈಗ ನಿಮ್ ಆಂಟೆನಾ. ತಾನಾಗೇ ಫೋಟಾನ್ (ಬೆಳಕಿನ ಕಣ) ಬಿಡೋ ವೇಗ, ಫ್ರೀಕ್ವೆನ್ಸಿ ಇಳಿದಂತೆ ಅದರ ಘನದ ಲೆಕ್ಕದಲ್ಲಿ ಬೀಳುತ್ತೆ, ಹಾಗಾಗಿ 2ಎಸ್‌ನಿಂದ 2ಪಿಗೆ ತಾನಾಗೇ ಇಳಿಯೋದು ಇಲ್ಲ ಅಂತಲೇ ಅನ್ಕೊಳ್ಳಿ. 2ಪಿ ಬದುಕೋದೇ 1.6 ನ್ಯಾನೋಸೆಕೆಂಡು, 121.6 ನ್ಯಾನೋಮೀಟರ್ ಯುವಿ ಬಿಟ್ಟು ತಳಕ್ಕೆ ಬೀಳುತ್ತೆ, ಅದರಿಂದ ಆ 1057ರ ಗೆರೆಯೇ 100 ಮೆಗಾಹರ್ಟ್ಜ್ ಅಗಲ. ಇಷ್ಟು ಸಾಲದು ಅಂತ, ರೂಮ್ ಬಿಸಿಯಲ್ಲಿ ಆ ಫ್ರೀಕ್ವೆನ್ಸಿಲಿ ಒಂದೊಂದು ಮೋಡ್‌ಗೂ (ಅಲೆ ಕಂಪಿಸೋ ಒಂದೊಂದು ಬಗೆಗೂ) ಸುಮಾರು 5900 ಶಾಖದ ಫೋಟಾನು, ನಿರ್ವಾತದ ಪಾಲು ಬರೀ ಅರ್ಧ ಫೋಟಾನು! ವಾಟರ್‌ಫಾಲಲ್ಲಿ (ಡಾಂಗಲ್ ಸಿಗ್ನಲ್ ತೋರಿಸೋ ಸ್ಕ್ರೀನಲ್ಲಿ) ಕಾಣೋ ನಾಯ್ಸ್ ಎಲ್ಲಾ ಶಾಖದ್ದೂ ನಿಮ್ ಡಾಂಗಲಿದ್ದೂ, ಗೇನ್ ಏರಿಸಿ ಪ್ರಯೋಜನ ಇಲ್ಲ.

1947ರಲ್ಲಿ ಈ ಸರಿತ ಅಳೆದ ಭೌತವಿಜ್ಞಾನಿಗಳು ಲ್ಯಾಂಬ್, ರೆದರ್‌ಫೋರ್ಡ್ ಕೇಳಿಸ್ಕೊಳ್ಳೋಕೇ ಹೋಗ್ಲಿಲ್ಲ, ಮೈಕ್ರೋವೇವ್ ತಾವೇ ಬಿಟ್ರು. ಹೈಡ್ರೋಜನ್ ಪರಮಾಣುಗಳ ಬೀಮಿಗೆ ಎಲೆಕ್ಟ್ರಾನ್ ಹೊಡೆದು ಕೆಲವನ್ನ 2ಎಸ್‌ಗೆ ಏರಿಸಿದ್ರು. ಅದು ಒಂಟಿಯಾಗಿದ್ರೆ ಸೆಕೆಂಡಿನ ಎಂಟನೇ ಒಂದು ಭಾಗ ಬದುಕುತ್ತೆ, ಟಂಗ್‌ಸ್ಟನ್ ತಗಡಿಗೆ ಬಡಿದ್ರೆ ಎಲೆಕ್ಟ್ರಾನ್ ಕಿತ್ತು ಕರೆಂಟ್ ಕೊಡುತ್ತೆ. ದಾರೀಲಿ ಮೈಕ್ರೋವೇವ್ ಸರಿಯಾಗಿ ಕೂತ್ರೆ 2ಪಿಗೆ ಹೋಗಿ ತಕ್ಷಣ ತಳಕ್ಕೆ ಬೀಳುತ್ತೆ, ಕರೆಂಟ್ ಇಳಿಯುತ್ತೆ. ಫ್ರೀಕ್ವೆನ್ಸಿ ಹಾಗೇ ಇಟ್ಟು ಕಾಂತಕ್ಷೇತ್ರ ಹೆಚ್ಚು ಕಡಿಮೆ ಮಾಡ್ತಾ (ಅದಕ್ಕೆ ಮಟ್ಟಗಳ ಅಂತರ ಬದಲಾಗುತ್ತೆ) ಆ ಇಳಿತ ಹುಡುಕಿದ್ರು, ಬುದ್ಧಿವಂತ್ರು. ಅದೇ ವರ್ಷ ಭೌತವಿಜ್ಞಾನಿ ಬೆಥೆ ರೈಲಲ್ಲಿ ಕೂತು ಆ ಸರಿತದ ಲೆಕ್ಕ ಹಾಕಿದ್ರೆ 1040 ಮೆಗಾಹರ್ಟ್ಜ್ ಬಂತು.

ಟ್ಯೂಬ್ ಇದೆ ಅಂದ್ರೆ ಗ್ರೇಟಿಂಗ್ (ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸೋ ಸಣ್ಣ ಗೀರುಗಳ ಹಾಳೆ) ಇಟ್ಟು 656.3 ನ್ಯಾನೋಮೀಟರ್ ಕೆಂಪು ಗೆರೆ ನೋಡಿ. ಸರಿತ ಅದರಲ್ಲಿ ಕಾಣಲ್ಲ, ಡಾಪ್ಲರ್ ಅಗಲವೇ (ಪರಮಾಣುಗಳ ಓಡಾಟದಿಂದ ಗೆರೆ ಹರಡೋದು) ಹಲವು ಗಿಗಾಹರ್ಟ್ಜ್. ಆದ್ರೆ ಎಲೆಕ್ಟ್ರಾನ್ ತಾನಾಗೇ ಇಳಿದು ಆ ಕೆಂಪು ಬಿಡೋದ್ರಲ್ಲೇ ನಿರ್ವಾತದ ಕೈವಾಡ ಇದೆ. ಸಪ್ಲೈ ಸಾವಿರಾರು ವೋಲ್ಟು, ಆನ್ ಇದ್ದಾಗ ಆಂಟೆನಾನೂ ಕೈಯೂ ದೂರ ಇರ್ಲಿ.