ಅಜ್ಜಿಯ ಬಗ್ಗೆ ಬರೆಯುವ ಮೊದಲು ಆ ಸಹಾಯಕಿಯ ಮನೆಗೆ ಹೋಗಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಉಳಿದವಕ್ಕೆ ಉತ್ತರ ಬರೆಯಲು ಮನಸ್ಸೇ ಬರಲಿಲ್ಲ. ಹಾಗಾಗಿ ಇಂದಿನ ಅಂಕಣ ಪೂರ್ತಿ ಆ ಒಬ್ಬರಿಗೇ.

ಬರೆದವರು ಮೈಸೂರಿನಲ್ಲಿ ಕೆಲಸದಲ್ಲಿರುವ ಇಪ್ಪತ್ತೇಳರ ಯುವತಿ. ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್ ಆಗಿದ್ದ ಅವರ ಅಜ್ಜಿ, ಅಂದರೆ ತಾಯಿಯ ತಾಯಿ, ಕಳೆದ ವರ್ಷ ತೀರಿಕೊಂಡರು. ಬರುವ ತಿಂಗಳು ವರ್ಷದ ತಿಥಿ. ಅವತ್ತು ಹಂಚಲು ಪುಟ್ಟದೊಂದು ನೆನಪಿನ ಪುಸ್ತಕ ಮಾಡಿಸುವುದೆಂದು ಸೋದರಮಾವ ತೀರ್ಮಾನಿಸಿದ್ದಾರೆ. ಬರೆಯುವ ಹೊಣೆ ಮೊಮ್ಮಗಳದು, ಹೆಸರು ಮಾತ್ರ ಮಾವ ಆಗಲೇ ಇಟ್ಟಾಗಿದೆ: 'ತ್ಯಾಗಮಯಿ'. ಊರ ಬಾಗಿಲಲ್ಲಿ ಅದೇ ಹೆಸರಿನ ಫ್ಲೆಕ್ಸ್ ಕೂಡ ಏಳಲಿದೆ. ಅಮ್ಮನ ಹತ್ತಿರ ನಾಲ್ಕು ವಿಷಯ ಕೇಳೋಣವೆಂದು ಹೋದರೆ, "ಊರ್ ಮಕ್ಳಿಗೆಲ್ಲ ಅವ್ವ, ನಮ್ಗೆ ಮಾತ್ರ ಟೀಚರು. ನನ್ನೇನೂ ಕೇಳ್ಬೇಡ" ಅಂದು ಎದ್ದುಹೋದರಂತೆ. ಅಜ್ಜಿಯನ್ನು ಹೊಗಳಿದರೆ ಅಮ್ಮನಿಗೆ ನೋವು, ಅಮ್ಮನ ಮಾತು ಬರೆದರೆ ಅಜ್ಜಿಗೆ ಅವಮಾನ, ನಾನು ಏನು ಬರೆಯಲಿ ಎಂದು ಕೇಳಿದ್ದಾರೆ.

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಹಿಗೆ ಮೊದಲು ನೀವು ಸೇರಿಸಿದ ಸಾಲು. "ಹನ್ನೊಂದನೇ ದಿನದ ತಿಥಿಗೆ ಅಜ್ಜಿಯ ಜೊತೆ ಕೆಲಸ ಮಾಡ್ತಿದ್ದ ಸಹಾಯಕಿ ಬಂದಿದ್ರು. ಜನ ಜಾಸ್ತಿ ಇದ್ರು, ಮಾತಾಡಿಸೋಕೆ ಆಗ್ಲಿಲ್ಲ. ಊಟ ಮಾಡದೆ ಹೋದ್ರಂತೆ."

ಇಪ್ಪತ್ತಾರು ವರ್ಷ ಜೊತೆಗೆ ದುಡಿದವರು ಎಂದು ಮೇಲೆ ಎಲ್ಲೋ ನೀವೇ ಬರೆದಿದ್ದೀರಿ. ಬೆಳಿಗ್ಗೆ ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ನೀರು ಹೊರುವುದು, ಒಲೆ ಹಚ್ಚುವುದು, ಮಲ ಮೂತ್ರ ಮಾಡಿಕೊಂಡ ಮಗುವನ್ನು ತೊಳೆಯುವುದು ಸಹಾಯಕಿಯ ಕೆಲಸ. ನಿಮ್ಮ ಅಜ್ಜಿಯನ್ನು ಅವರ ಮಕ್ಕಳಿಗಿಂತ ಹೆಚ್ಚು ಹೊತ್ತು ನೋಡಿದವರು ಆಕೆ. ಅವರು ನಿಮ್ಮ ಮನೆಯಿಂದ ಹಸಿದು ಹೋದರು. ಇದನ್ನು ನೀವು ಅಷ್ಟು ಸಲೀಸಾಗಿ ಬರೆದದ್ದು ನನಗೆ ಬೇಸರ ತಂದಿತು.

ಈಗ ನಿಮ್ಮ ಅಮ್ಮನ ವಿಷಯ. ನನ್ನ ಕನಿಕರದ ದೊಡ್ಡ ಪಾಲು ಅವರಿಗೆ. ಅಜ್ಜಿ ಕೆಲಸಕ್ಕೆ ಸೇರಿದ್ದು 1976ರಲ್ಲಿ ಎಂದಿದ್ದೀರಿ. ಅದು ಎಂಥ ಕಾಲ ಗೊತ್ತೇ? ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಬ್ಲಾಕ್‌ಗಳಲ್ಲಿ ಪ್ರಯೋಗವಾಗಿ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ನಿಮ್ಮ ಟಿ. ನರಸೀಪುರವನ್ನೇ. ನಿಮ್ಮ ಅಜ್ಜಿ ರಾಜ್ಯದ ಮೊಟ್ಟಮೊದಲ ಅಂಗನವಾಡಿ ಟೀಚರುಗಳ ಪೈಕಿ ಒಬ್ಬರು. ಯೋಜನೆ ಶುರುವಾದಾಗ ಎಸ್ಸೆಸ್ಸೆಲ್ಸಿ ಪಾಸಾದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಪಾಸಾಗದವರಿಗೆ 100, ಸಹಾಯಕಿಗೆ 35. ಅದು ಸಂಬಳವೂ ಅಲ್ಲ, ಗೌರವಧನ. ನಮ್ಮ ರಾಜ್ಯದಿಂದಲೇ ಹೋದ ಮೊಕದ್ದಮೆಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇವರದು ಸರ್ಕಾರಿ ಹುದ್ದೆಯಲ್ಲ ಎಂದಿತು. ಇವರೂ ಗ್ರಾಚ್ಯುಟಿಗೆ ಅರ್ಹರು ಎಂದು ಅದೇ ಕೋರ್ಟ್ ಹೇಳಿದ್ದು 2022ರಲ್ಲಿ. ಅಷ್ಟು ಹೊತ್ತಿಗೆ ನಿಮ್ಮ ಅಜ್ಜಿ ನಿವೃತ್ತರಾಗಿ ಎಂಟು ವರ್ಷ.

ಕೆಲಸಕ್ಕೆ ಮಾತ್ರ ಮಿತಿಯಿರಲಿಲ್ಲ. ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ, ಪೂರಕ ಆಹಾರ, ಚುಚ್ಚುಮದ್ದಿನ ದಿನ ಊರೆಲ್ಲ ಕೂಗಿ ತಾಯಂದಿರನ್ನು ಕರೆತರುವುದು, ಗರ್ಭಿಣಿ ಬಾಣಂತಿಯರ ಮನೆ ಭೇಟಿ, ಸರ್ವೆ, ತಾಲ್ಲೂಕಿನಲ್ಲಿ ಮೀಟಿಂಗು, ರಾತ್ರಿ ಸೀಮೆಎಣ್ಣೆ ದೀಪದಲ್ಲಿ ರಿಜಿಸ್ಟರು. ಮುಂದೆ 1995ರಿಂದ ಪಲ್ಸ್ ಪೋಲಿಯೊ ಭಾನುವಾರಗಳು, 2000ದ ಹೊತ್ತಿಗೆ ಸ್ತ್ರೀಶಕ್ತಿ ಸಂಘಗಳು ಅದಕ್ಕೆ ಸೇರಿದವು. ನಿಮ್ಮ ಅಮ್ಮನ ಪಾಲಿನ ಹೊತ್ತನ್ನು ಕಿತ್ತುಕೊಂಡದ್ದು ಊರ ಮಕ್ಕಳಲ್ಲ, ಮೂರು ಜನರ ಕೆಲಸವನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟಿ ಅದಕ್ಕೆ ಸೇವೆ ಎಂದು ಹೆಸರಿಟ್ಟ ವ್ಯವಸ್ಥೆ. ಹಾಗೆಂದು ಅಮ್ಮನ ಕೊರಗು ಸುಳ್ಳಾಗುವುದಿಲ್ಲ. ಹತ್ತು ವರ್ಷದ ಹುಡುಗಿ ಶಾಲೆಯಿಂದ ಬಂದು ಮುದ್ದೆ ತೊಳಸಿ, ತಮ್ಮನಿಗೆ ಉಣ್ಣಿಸಿ, ಏಳನೇ ಕ್ಲಾಸಿಗೇ ಓದು ಬಿಟ್ಟದ್ದನ್ನು ನೀವೇ ಬರೆದಿದ್ದೀರಿ. ಆ ತಮ್ಮ ಯಾರು? ಇವತ್ತು ಫ್ಲೆಕ್ಸ್ ಮಾಡಿಸುತ್ತಿರುವ ಮಾವ.

ಆ ಮಾವನ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ತಾಯಿಯ ಗೌರವಧನದಲ್ಲಿ ಕಾಲೇಜು ಓದಿದವರು, ಅಕ್ಕ ಬೇಯಿಸಿಟ್ಟದ್ದನ್ನು ಉಂಡವರು, ಈಗ ತ್ಯಾಗವನ್ನೆಲ್ಲ ತಾಯಿಯ ಹೆಸರಿಗೆ ಬರೆದು ಕೈತೊಳೆದುಕೊಳ್ಳಲು ಹೊರಟಿದ್ದಾರೆ. ತಿಥಿಯ ದಿನ ಬಾಗಿಲಲ್ಲಿ ನಿಂತು ಬಂದವರನ್ನು ವಿಚಾರಿಸಬೇಕಾದವರೂ ಅವರೇ ಅಲ್ಲವೇ? ಆ ಸಹಾಯಕಿಯನ್ನು ಕೂರಿಸಿ ಎಲೆ ಹಾಕಿಸಬೇಕಾದ್ದು ಮನೆಯ ಮಗ.

ಈ ಅಂಕಣದಲ್ಲಿ ಹಲವು ಸಲ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ: ತೀರಿಹೋದವರ ಗುಣಗಾನ ಬೇಡ, ಅವರು ಮಾಡಿದ ಕೆಲಸ ಬರೆಯಿರಿ. ಕರುಣಾಮಯಿ, ವಾತ್ಸಲ್ಯಮೂರ್ತಿ ಎಂದು ಬರೆದರೆ ಅದು ಯಾರ ಅಜ್ಜಿಗೂ ಆಗುತ್ತದೆ. ಜಂತೆಗೆ ತೂಗುಹಾಕಿದ ತಕ್ಕಡಿಯಲ್ಲಿ ಮಗುವನ್ನು ಕೂರಿಸಿದಾಗ ಅದು ಕಾಲು ಬಡಿಯುತ್ತದೆ, ಮುಳ್ಳು ನಿಲ್ಲುವುದಿಲ್ಲ. ಒಬ್ಬರು ಮಗುವಿನ ಕಣ್ಣೆದುರು ಏನೋ ಆಡಿಸುತ್ತಾ ಸುಮ್ಮನಾಗಿಸಬೇಕು, ಇನ್ನೊಬ್ಬರು ಆ ಒಂದು ಕ್ಷಣಕ್ಕೆ ಮುಳ್ಳು ನೋಡಿ ಚಾರ್ಟಿನಲ್ಲಿ ಚುಕ್ಕೆ ಇಡಬೇಕು. ಹೋದ ತಿಂಗಳ ಚುಕ್ಕೆಗಿಂತ ಈ ತಿಂಗಳದ್ದು ಕೆಳಗಿದ್ದರೆ ಅವತ್ತು ಸಂಜೆ ಆ ಮನೆಗೆ ಹೋಗಿ ತಾಯಿಯ ಹತ್ತಿರ ಕೂರಬೇಕು. ನಿಮ್ಮ ಅಜ್ಜಿ ಆ ಹೊತ್ತಿನಲ್ಲಿ ಏನು ಹೇಳುತ್ತಿದ್ದರು? ಬೈಯುತ್ತಿದ್ದರೇ, ಸಮಾಧಾನ ಮಾಡುತ್ತಿದ್ದರೇ? ಮೊದಲ ದಿನ ಅತ್ತು ರಂಪ ಮಾಡುವ ಮಗುವನ್ನು ಎತ್ತಿಕೊಳ್ಳುತ್ತಿದ್ದರೇ, ಹುಣಸೆಬೀಜದ ರಾಶಿಯ ಮುಂದೆ ಬಿಟ್ಟು ಸುಮ್ಮನಿರುತ್ತಿದ್ದರೇ? ಮಗುವಿನ ಮೆದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೇ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬರೆಯಿತು. ಅದಕ್ಕೂ ನಲವತ್ನಾಲ್ಕು ವರ್ಷ ಮುಂಚೆ ನಿಮ್ಮ ಅಜ್ಜಿ ಚಾಪೆ ಹಾಸಿ ಅದೇ ವಯಸ್ಸಿನ ಮಕ್ಕಳನ್ನು ಮುಂದೆ ಕೂರಿಸಿಕೊಂಡಿದ್ದರು. ಹೇಗೆ ಕಲಿಸಿದರು ಎಂಬುದು ನಿಮಗೂ ಗೊತ್ತಿಲ್ಲ, ಮಾವನಿಗಂತೂ ಗೊತ್ತಿಲ್ಲ. ಗೊತ್ತಿರುವವರು ಒಬ್ಬರೇ.

ಆದ್ದರಿಂದ ನಾನು ಹೇಳುವುದು ಇಷ್ಟೇ. ಒಂದು ಸಾಲೂ ಬರೆಯುವ ಮೊದಲು ಆ ಸಹಾಯಕಿಯ ಮನೆಗೆ ಹೋಗಿ. ಅಮ್ಮನನ್ನು ಕರೆದುಕೊಂಡೇ ಹೋಗಿ. "ಪುಸ್ತಕಕ್ಕೆ" ಎಂದರೆ ಅವರು ಬರುವುದಿಲ್ಲ. "ಅವರು ಅವತ್ತು ಊಟ ಮಾಡದೆ ಹೋದರು, ಕರೆದು ಬರೋಣ ಬಾ" ಎನ್ನಿ, ಹಳ್ಳಿಯ ಹೆಣ್ಣುಮಗಳು ಆ ಮಾತಿಗೆ ಇಲ್ಲವೆನ್ನಲಾರರು. ಅಲ್ಲಿ ಮೊದಲು ತಪ್ಪಾಯಿತೆಂದು ಹೇಳಿ ವರ್ಷದ ತಿಥಿಗೆ ಕರೆಯಿರಿ. ಆಮೇಲೆ ಮಾತು ತಾನಾಗಿ ಬರುತ್ತದೆ. ನೀವು ಮಧ್ಯೆ ಬಾಯಿ ಹಾಕಬೇಡಿ, ಫೋನು ಹಿಡಿದು ರೆಕಾರ್ಡ್ ಮಾಡುತ್ತಾ ಕೂರಬೇಡಿ. ಅಜ್ಜಿ ಕೆಲಸದ ಹೊತ್ತಿನಲ್ಲಿ ಮನೆಯ ಮಗಳನ್ನು ನೆನೆಸಿಕೊಳ್ಳುತ್ತಿದ್ದರೋ ಇಲ್ಲವೋ ಎಂಬುದು ನಿಮ್ಮ ಅಮ್ಮ ಕೇಳಬೇಕಾದ ಪ್ರಶ್ನೆ, ನಿಮ್ಮದಲ್ಲ. ಅವರು ಕೇಳಲಿ. ಕೇಳದೆಯೂ ಇರಬಹುದು. ಉತ್ತರ ಹಿತವಾಗಿಲ್ಲದಿದ್ದರೂ ಅದು ಅವರಿಗೆ ಸಲ್ಲಬೇಕಾದ ಉತ್ತರ.

ಪುಸ್ತಕ ಆಮೇಲಿನ ಮಾತು. ಅಲ್ಲಿ ಕೇಳಿದ್ದನ್ನು ಕೇಳಿದ ಹಾಗೆ ಬರೆಯಿರಿ, ಅಮ್ಮನ ಆ ಒಂದು ಮಾತನ್ನೂ ಅವರು ಒಪ್ಪಿದರೆ ಸೇರಿಸಿ. ಅದರಿಂದ ಅಜ್ಜಿ ಸಣ್ಣವರಾಗುವುದಿಲ್ಲ. ಮಾವ ಹೆಸರು ಬದಲಿಸಲು ಒಪ್ಪದಿದ್ದರೆ ಅವರ ಫ್ಲೆಕ್ಸ್ ಅವರಿಗಿರಲಿ, ನಿಮ್ಮ ಬರಹವನ್ನು ಅದಕ್ಕೆ ಕೊಡಬೇಡಿ. ತಿಂಗಳೊಳಗೆ ಮುಗಿಯದಿದ್ದರೆ ಮುಂದಿನ ವರ್ಷ ಹಂಚಿ.

ಆದರೆ ಭೇಟಿಯನ್ನು ಮುಂದಕ್ಕೆ ಹಾಕಬೇಡಿ. ಆಕೆಗೂ ಎಪ್ಪತ್ತರ ಹತ್ತಿರವಿರಬೇಕು. ಈ ಭಾನುವಾರವೇ ಬಸ್ಸು ಹತ್ತಿ.